ಲೆಕ್ಕಕ್ಕೆ ಬಾರದ ಕೆಮ್ಮು

ಹಾಸಿಗೆ ಹೊಲಿಯುವವರ ಬೀದಿಯಲ್ಲಿ ಗಾಳಿಯೂ ಬೆಳ್ಳಗಿರುತ್ತಿತ್ತು. ಬೆಳಿಗ್ಗೆ ಹತ್ತಿ ಹಿಂಜುವ ಮೆಷಿನ್‌ಗಳು ಶುರುವಾದರೆ ಸಾಕು, ಕಿಟಕಿಯ ಸರಳು, ಕರೆಂಟಿನ ತಂತಿ, ಕೆಲಸದವರ ಹುಬ್ಬು, ಎಲ್ಲದರ ಮೇಲೂ ಸಣ್ಣ ಸಣ್ಣ ಎಳೆಗಳು ಬಂದು ಕೂರುತ್ತಿದ್ದವು. ಹೊಸಬರು ಯಾರಾದರೂ ನೋಡಿದರೆ ಈ ಬೀದಿಯಲ್ಲಿ ಬರೀ ಮುದುಕರೇ ಇದ್ದಾರೇನೋ ಅಂದುಕೊಳ್ಳಬೇಕು. ಮೀಸೆ ಚಿಗುರಿದವನ ತಲೆಯೂ ಸಂಜೆ ಹೊತ್ತಿಗೆ ನರೆತಂತೆ ಕಾಣುತ್ತಿತ್ತು.

ಬೀದಿಯ ನಡುಮಧ್ಯದ ಅಂಗಡಿ ದಬ್ಬಳದಮ್ಮನದು. ಹಾಸಿಗೆ ಹೊಲಿಯುವ ದೊಡ್ಡ ಸೂಜಿ, ಅಂದರೆ ದಬ್ಬಳ, ಸದಾ ಅವಳ ಕೈಯಲ್ಲಿರುತ್ತಿತ್ತು. ಆ ಹೆಸರು ಬರಲು ಅದೊಂದು ಕಾರಣ. ನಾಲಿಗೆಯೂ ಅಷ್ಟೇ ಚೂಪು ಎಂಬುದು ಇನ್ನೊಂದು ಕಾರಣ. ವಯಸ್ಸು ಅರವತ್ತು ದಾಟಿತ್ತು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಮುಂದುಗಡೆ ಅಂಗಡಿ, ನಡುವೆ ಹತ್ತಿ ಹಿಂಜುವ ಕೋಣೆ, ಹಿಂದೆ ಮನೆ. ಮಗ ಹತ್ತಿ ಹಿಂಜುತ್ತಿದ್ದ. ಅತ್ತೆ ಸೊಸೆ ಹೊಲಿಯುತ್ತಿದ್ದರು. ಮೊಮ್ಮಗಳು ಇನ್ನೂ ಚಿಕ್ಕವಳು.

ಅಂದು ಸೋಮವಾರ. ಗಂಟೆ ಒಂಬತ್ತಾದರೂ ಮೆಷಿನ್ನಿನ ಸದ್ದಿಲ್ಲ. ದಬ್ಬಳದಮ್ಮ ಒಳಗೆ ಇಣುಕಿ ನೋಡಿದಳು. ಮಗ ಮೆಷಿನ್ನಿಗೆ ಒರಗಿ, ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

“ಏನೋ, ಮೆಷಿನ್ನಿಗೆ ನೀನು ಆಸರೆಯಾಗಿ ನಿಂತಿದ್ದೀಯೋ, ನಿನಗೆ ಅದು ನಿಂತಿದ್ಯೋ?”

“ಎದೆ ಬಿಗಿದಂಗಾಗ್ತಿದೆ ಅಮ್ಮ. ಹಗ್ಗ ಸುತ್ತಿ ಯಾರೋ ಎಳೀತಿರೋ ಹಾಗೆ.”

“ನಿನ್ನೆ ರಜದಲ್ಲಿ ಚೆನ್ನಾಗೇ ಇದ್ದೆಯಲ್ಲ! ಎರಡೆರಡು ಸಲ ಬಡಿಸಿಕೊಂಡು ಊಟ ಮಾಡ್ದೆ. ಸೋಮವಾರ ಬಂತು ಅಂದ್ರೆ ಮಾತ್ರ ನಿನ್ನ ಎದೆ ಬಿಗಿಯುತ್ತೆ. ಇದಕ್ಕೆ ಸೋಮಾರಿತನ ಅಂತಾರೆ. ಹೆಸರಲ್ಲೇ ಇದೆ ನೋಡು, ಸೋಮವಾರ, ಸೋಮಾರಿ!”

ಮಗ ನಗಲು ಹೋಗಿ ಕೆಮ್ಮಿದ. ಮೂಲೆಯಲ್ಲಿ ದಿಂಬಿನ ಬಾಯಿ ಹೊಲಿಯುತ್ತಿದ್ದ ಸೊಸೆ ತಲೆಯೆತ್ತಲಿಲ್ಲ. ದಾರವನ್ನು ಮಾತ್ರ ಜೋರಾಗಿ ಎಳೆದು ಗಂಟು ಹಾಕಿದಳು.

ಅದೇ ಹೊತ್ತಿಗೆ ಬಾಗಿಲಲ್ಲಿ ಚೀಲದಕ್ಕ ನಿಂತಿದ್ದಳು. ಆರೋಗ್ಯ ಕೇಂದ್ರದಿಂದ ಮನೆಮನೆಗೆ ಬರುವ ಕಾರ್ಯಕರ್ತೆ ಅವಳು. ಹೆಗಲಿಗೆ ನೇತುಹಾಕಿದ ಚೀಲ ಅವಳಿಗಿಂತ ಒಂದು ಹೆಜ್ಜೆ ಮುಂದೇ ಇರುತ್ತಿದ್ದುದರಿಂದ ಇಡೀ ಬೀದಿಗೆ ಅವಳು ಚೀಲದಕ್ಕ. ಅಂದು ಅವಳ ಕೈಯಲ್ಲಿ ಎರಡು ಬಗೆಯ ಫಾರಂಗಳಿದ್ದವು.

“ಕೂರಮ್ಮ. ಹತ್ತಿ ಮೇಲೆ ಕೂರಬೇಡ, ತೂಕ ಮಾಡಿಟ್ಟಿದ್ದೀನಿ,” ಎಂದಳು ದಬ್ಬಳದಮ್ಮ.

ಚೀಲದಕ್ಕ ನಗುತ್ತ ಮಣೆ ಎಳೆದುಕೊಂಡು ಕೂತಳು. “ಇದು ಆರೋಗ್ಯದ ಸಮೀಕ್ಷೆ ಅಮ್ಮ. ಯಾವ ಬೀದಿಯಲ್ಲಿ ಯಾರಿಗೆ ಏನು ತೊಂದರೆ ಇದೆ ಅಂತ ಬರ್ಕೊಂಡು ಹೋಗ್ತೀವಿ. ಇನ್ನೊಂದು ಸರ್ಕಾರದ ಆರೋಗ್ಯ ವಿಮೆಗೆ ಹೆಸರು ಸೇರಿಸೋ ಫಾರಂ. ಮೊದಲು ಸಮೀಕ್ಷೆ ಮುಗಿಸೋಣ. ಮನೆಯಲ್ಲಿ ಯಾರಿಗಾದ್ರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು?”

“ಇಲ್ಲ.”

“ಉಸಿರಾಟದ ತೊಂದರೆ?”

“ಇಲ್ಲ.”

“ಎದೆ ಬಿಗಿತ?”

“ಇಲ್ಲ ಅಂದ್ನಲ್ಲ. ಎಲ್ಲಾ ಕಡೆ ಇಲ್ಲ ಅಂತ ಬರ್ಕೊ, ನಿನಗೂ ಕೆಲಸ ಕಡಿಮೆ.”

ಒಳಗಿನಿಂದ ಕೆಮ್ಮು ಕೇಳಿಸಿತು. ಒಂದಲ್ಲ, ಎರಡಲ್ಲ, ಒಂದರ ಬೆನ್ನಿಗೊಂದು.

“ಅದು ಗಂಟಲು ಸರಿಮಾಡ್ಕೊಂಡಿದ್ದು,” ಎಂದಳು ದಬ್ಬಳದಮ್ಮ, ಕಣ್ಣು ಮಿಟುಕಿಸದೆ.

ಚೀಲದಕ್ಕ ಪೆನ್ನು ಕೆಳಗಿಟ್ಟಳು. “ಅಮ್ಮ, ಈ ಬೀದಿಯಲ್ಲಿ ಮೂವತ್ತೆರಡು ಮನೆ. ಇಪ್ಪತ್ತು ಮನೆ ಮುಗಿಸಿಬಂದೆ. ಯಾರಿಗೂ ಕೆಮ್ಮಿಲ್ಲವಂತೆ. ಆದ್ರೆ ನಾನು ಬೀದಿಗೆ ಕಾಲಿಟ್ಟಾಗಿನಿಂದ ಕೆಮ್ಮಿನ ಸದ್ದು ನಿಂತಿಲ್ಲ. ಯಾರು ಕೆಮ್ಮುತ್ತಿದ್ದಾರೆ ಹಾಗಾದ್ರೆ? ಹಾಸಿಗೆಗಳೋ?”

“ಹಾಸಿಗೆ ಹೆಸರು ಎತ್ತಬೇಡ,” ಎಂದಳು ದಬ್ಬಳದಮ್ಮ. ದನಿ ಒಮ್ಮೆಲೇ ಗಡುಸಾಯಿತು. “ಗಿರಾಕಿ ಕಿವಿಗೆ ಬಿದ್ದೀತು. ಆ ಇನ್ನೊಂದು ಫಾರಮ್ಮೂ ಬೇಡ. ಕಾಯಿಲೆ ಬಂದ ದಿನ ನೋಡೋಣ.”

“ಕಾಯಿಲೆ ಬಂದ ದಿನ ಫಾರಂ ತುಂಬೋಕೆ ಕೈಗೆ ಬಿಡುವಿರಲ್ಲ ಅಮ್ಮ. ಹಳೇ ಕಾಯಿಲೆ ಇದ್ರೂ ಈ ವಿಮೆಗೆ ಸೇರಿಸ್ಕೋತಾರೆ. ಮುಚ್ಚಿಡೋ ಅಗತ್ಯವೇ ಇಲ್ಲ.”

“ಹೊರಡು ತಾಯಿ. ವ್ಯಾಪಾರದ ಹೊತ್ತು.”

ಕಡ್ಡಿ ಮುರಿದಂತೆ ಹೇಳಿ ದಬ್ಬಳದಮ್ಮ ಹೊಲಿಗೆಗೆ ಬಾಗಿದಳು. ಚೀಲದಕ್ಕ ಫಾರಂಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಹೋಗುವಾಗ ಸೊಸೆಯ ಕಡೆ ಒಮ್ಮೆ ನೋಡಿದಳು. ಸೊಸೆಯೂ ನೋಡಿದಳು.

ದಬ್ಬಳದಮ್ಮ ಕೆಟ್ಟವಳಲ್ಲ, ಹೆದರಿದವಳು. ಅವಳ ಗಂಡನಿಗೂ ಕೆಮ್ಮಿತ್ತು. ಯಾರೋ ಒಬ್ಬ ಗಿರಾಕಿ ಅದನ್ನು ಕೇಳಿ, “ಇವರ ಮನೆಯಲ್ಲಿ ಅಂಟುರೋಗ ಇದೆ, ಇವರ ಹಾಸಿಗೆ ಮೇಲೆ ಮಲಗಿದವರಿಗೂ ಬರುತ್ತೆ,” ಎಂದು ಹಬ್ಬಿಸಿಬಿಟ್ಟಿದ್ದ. ಹೊಲಿದಿಟ್ಟ ಹಾಸಿಗೆಗಳನ್ನು ಕೇಳುವವರಿಲ್ಲದಂತಾಯಿತು. ಇಡೀ ಬೀದಿಯ ವ್ಯಾಪಾರಕ್ಕೇ ಕಲ್ಲು ಬಿತ್ತು. ಅಂದಿನಿಂದ ಆ ಬೀದಿಯವರು ಬಾಯಿಗೆ ಬೀಗ ಹಾಕಿಕೊಂಡರು. ಕೆಮ್ಮು ಬಂದರೆ ದಿಂಬಿಗೆ ಮುಖವೊತ್ತಿ ಕೆಮ್ಮುತ್ತಿದ್ದರು. ಮಕ್ಕಳಿಗೂ ಅದನ್ನೇ ಕಲಿಸಿದ್ದರು.

ಮೂರು ತಿಂಗಳು ಕಳೆಯಿತು. ಬೇಸಿಗೆ ಹತ್ತಿರವಾಗುತ್ತಿದ್ದಂತೆ ಕೆಲಸ ಮೈಮೇಲೆ ಬಿತ್ತು. ಒಂದು ಹೊಸ ವಿದ್ಯಾರ್ಥಿನಿಲಯದವರು ನೂರಿಪ್ಪತ್ತು ಹಾಸಿಗೆ ಕೇಳಿದ್ದರು. ಮೂರು ದಿನ ರಜ ಕಳೆದು ಬಂದ ಸೋಮವಾರ ಮಗ ಬೆಳಿಗ್ಗೆ ಆರಕ್ಕೇ ಮೆಷಿನ್ ಹಾಕಿದ. ಧೂಳು ಹೊರಗೆ ಹೋದರೆ ಎದುರು ಮನೆಯವರು ಜಗಳಕ್ಕೆ ಬರುತ್ತಾರೆಂದು ಕಿಟಕಿ ಮುಚ್ಚಿದ್ದ.

ಹತ್ತು ಗಂಟೆಗೆ ಸೊಸೆ ನೀರು ಕೊಡಲು ಹೋದವಳು ಕಿರುಚಿಕೊಂಡಳು.

ದಬ್ಬಳದಮ್ಮ ಓಡಿಬಂದಾಗ ಮಗ ಹತ್ತಿಯ ರಾಶಿಯ ಮೇಲೆ ಕೂತಿದ್ದ. ಎರಡೂ ಕೈ ಮಂಡಿಯ ಮೇಲೆ ಊರಿದ್ದ. ಬಾಯಿ ತೆರೆದಿತ್ತು, ಉಸಿರು ಮಾತ್ರ ಒಳಗೆ ಹೋಗುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು. ಏನೋ ಹೇಳಲು ನೋಡುತ್ತಿದ್ದ, ಒಂದಕ್ಷರವೂ ಹೊರಗೆ ಬರಲಿಲ್ಲ. ಅವಳ ಕೈಯಿಂದ ದಬ್ಬಳ ಜಾರಿ ಬಿತ್ತು.

“ದಿಂಬಿನಣ್ಣ! ಓ ದಿಂಬಿನಣ್ಣ! ಗಾಡಿ ತೆಗಿ!”

ಎದುರು ಮನೆಯ ದಿಂಬಿನಣ್ಣ ಬರೀ ದಿಂಬು ಮಾಡುವವನು. ಅವಳ ಗಂಡನ ಗೆಳೆಯ. ಕಿಟಕಿಯ ಧೂಳಿಗಾಗಿ ಅವಳ ಜೊತೆ ವರ್ಷವೆಲ್ಲ ಜಗಳವಾಡುತ್ತಿದ್ದವನೂ ಅವನೇ. ಒಂದು ಮಾತೂ ಕೇಳದೆ ತನ್ನ ಸಾಮಾನಿನ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದ. ತುಂಬಿದ್ದ ದಿಂಬುಗಳನ್ನು ಇಳಿಸಲು ಪುರಸೊತ್ತಿರಲಿಲ್ಲ. ದಿಂಬುಗಳ ನಡುವೆಯೇ ಮಗನನ್ನು ಕೂರಿಸಿ ದೊಡ್ಡಾಸ್ಪತ್ರೆಗೆ ಹೊರಟರು. ದಾರಿಯುದ್ದಕ್ಕೂ ಗಾಡಿ ಓಡಿಸುತ್ತಿದ್ದ ದಿಂಬಿನಣ್ಣ ಕೆಮ್ಮುತ್ತಲೇ ಇದ್ದ. ದಬ್ಬಳದಮ್ಮ ಅಂದು ಮೊದಲ ಬಾರಿಗೆ ಆ ಕೆಮ್ಮನ್ನು ಕಿವಿಗೊಟ್ಟು ಕೇಳಿದಳು.

ಆಸ್ಪತ್ರೆಯಲ್ಲಿ ಮಗನ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದರು. ಡಾಕ್ಟರಮ್ಮ ಬೆನ್ನಿನ ಮೇಲೆ ಸ್ಟೆತಸ್ಕೋಪ್ ಇಟ್ಟುಕೊಂಡೇ ಕೇಳಿದರು, “ಎಷ್ಟು ದಿನದಿಂದ ಹೀಗೆ?”

“ಇವತ್ತೇ ಡಾಕ್ಟ್ರೇ,” ಎಂದಳು ದಬ್ಬಳದಮ್ಮ. “ಮೊದಲು ಏನೂ ಇರ್ಲಿಲ್ಲ.”

ಬೇಕೆಂದು ಹೇಳಿದ ಸುಳ್ಳಲ್ಲ ಅದು. ಹನ್ನೊಂದು ವರ್ಷದಿಂದ ಯಾರು ಕೇಳಿದರೂ ಅವಳ ಬಾಯಿಂದ ಬರುತ್ತಿದ್ದ ಉತ್ತರ.

“ಏಳು ವರ್ಷದಿಂದ,” ಎಂದಳು ಸೊಸೆ.

ದಬ್ಬಳದಮ್ಮ ತಿರುಗಿ ನೋಡಿದಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಮಾತಿಗೆ ಎದುರಾಡದ ಹುಡುಗಿ. ಈಗ ಅವಳು ಡಾಕ್ಟರಮ್ಮನನ್ನೇ ನೋಡುತ್ತ ಹೇಳುತ್ತ ಹೋದಳು.

“ಮೊದಲು ಸೋಮವಾರ ಮಾತ್ರ ಬರ್ತಿತ್ತು. ಭಾನುವಾರ ರಜ ಇರುತ್ತಲ್ಲ, ಮತ್ತೆ ಹತ್ತಿ ಕೋಣೆಗೆ ಹೋದ ದಿನ ಎದೆ ಬಿಗಿಯೋದು. ಮಂಗಳವಾರ ಬುಧವಾರಕ್ಕೆ ಕಡಿಮೆಯಾಗ್ತಿತ್ತು. ಎರಡು ವರ್ಷದಿಂದ ವಾರ ಪೂರ್ತಿ ಇರುತ್ತೆ. ಮಲಗಿದ್ರೆ ಕೆಮ್ಮು ಜಾಸ್ತಿ. ದಿಂಬು ಕಚ್ಕೊಂಡು ಕೆಮ್ತಾರೆ, ಅತ್ತೆಗೆ ಕೇಳಿಸಬಾರದು ಅಂತ.”

ಡಾಕ್ಟರಮ್ಮ ತಲೆಯಾಡಿಸಿ ಬೇಗಬೇಗ ಬರೆದುಕೊಂಡರು. “ಇದನ್ನ ಹೇಳಿದ್ದು ಒಳ್ಳೇದಾಯ್ತಮ್ಮ. ಇಲ್ಲದಿದ್ರೆ ಬೇರೆ ಏನೋ ಹುಡುಕುತ್ತಾ ಕೂತಿರ್ತಿದ್ವಿ. ಒಳಗೆ ಸೇರಿಸ್ಕೋತೀವಿ. ವಿಮೆ ಕಾರ್ಡ್ ಇದೆಯಾ?”

ಫಾರಂ ತಂದವಳನ್ನು ಹಾಗೇ ಕಳಿಸಿದ್ದು ದಬ್ಬಳದಮ್ಮನ ಕಣ್ಣ ಮುಂದೆ ಬಂತು. ಆಗಲೇ ಸೊಸೆ ಕೈಚೀಲದ ಒಳಜೇಬಿನಿಂದ ಒಂದು ಕಾರ್ಡು ತೆಗೆದಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಹೊಸ ಕಾರ್ಡು.

“ನೀನು ಯಾವಾಗ…”

“ಚೀಲದಕ್ಕ ಬಂದುಹೋದ ವಾರವೇ, ಅತ್ತೆ. ನಾಲ್ಕೂ ಜನರ ಹೆಸರು ಬರೆಸಿದ್ದೀನಿ. ನಿಮ್ಮದು, ನನ್ನದು, ಇವರದು, ಮಗುವಿನದು.”

“ಇವನ ಕಾಯಿಲೆ?”

“ಅದನ್ನೂ ಬರೆಸಿದ್ದೀನಿ.”

ಕ್ಷಣ ಹೊತ್ತು ದಬ್ಬಳದಮ್ಮನ ಮುಖ ಕೆಂಪಾಯಿತು. ಮನೆಯ ಗುಟ್ಟನ್ನು ಸರ್ಕಾರದ ಕಾಗದದ ಮೇಲೆ ಹಾಕಿಬಿಟ್ಟಳಲ್ಲ! ಆದರೆ ಮಂಚದ ಮೇಲೆ ಮಗ ಉಸಿರಿಗಾಗಿ ಒದ್ದಾಡುತ್ತಿದ್ದ. ಅವಳ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಸೊಸೆಯ ಕೈಯಿಂದ ಕಾರ್ಡು ತೆಗೆದುಕೊಂಡು ತಾನೇ ಕೌಂಟರಿಗೆ ನಡೆದಳು.

ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ನೋಡಿ ಹೇಳಿದಳು, “ಉಸಿರಾಟದ ತೊಂದರೆ ಇದೆ ಅಂತ ಮೊದಲೇ ಬರೆಸಿದ್ದೀರ. ಹೆಸರು, ವಯಸ್ಸು ಎಲ್ಲಾ ಸರಿಯಾಗಿದೆ. ಆಸ್ಪತ್ರೆ ಖರ್ಚು ವಿಮೆಯಿಂದಾನೇ ಆಗುತ್ತೆ ಅಜ್ಜಿ. ನೀವು ಮಗನ ಹತ್ತಿರ ಹೋಗಿ ಕೂತ್ಕೊಳ್ಳಿ.”

ಅಷ್ಟೇ ಮಾತು. ಅವಳು ಹಿಂದಿರುಗಿ ಬಂದು ಸೊಸೆಯ ಪಕ್ಕದ ಬೆಂಚಿನ ಮೇಲೆ ಕೂತಳು. ತನ್ನ ಸೆರಗಿನಿಂದ ಸೊಸೆಯ ಕೂದಲಿಗೆ ಅಂಟಿದ್ದ ಹತ್ತಿ ಎಳೆಗಳನ್ನು ಒಂದೊಂದಾಗಿ ಒರೆಸಿದಳು.

ಮೂರನೆಯ ದಿನ ಮಗ ಎದ್ದು ಕೂತ. ಕೊಳವೆಯೊಳಗೆ ಊದುವ ಪರೀಕ್ಷೆ ಮಾಡಿಸಿ, ಎದೆಯ ಚಿತ್ರ ತೆಗೆಸಿ ಡಾಕ್ಟರಮ್ಮ ಬಂದರು. ಅಂಟುರೋಗ ಇರಬಹುದೇ ಎಂದು ಕಫವನ್ನೂ ಪರೀಕ್ಷಿಸಿದ್ದರು. ಅದು ಇರಲಿಲ್ಲ.

“ಇದು ಹತ್ತಿ ಧೂಳಿನ ಕಾಯಿಲೆ,” ಎಂದರು. “ವರ್ಷಗಟ್ಟಲೆ ಧೂಳು ಕುಡಿದ್ರೆ ಶ್ವಾಸನಾಳ ಬಿಗಿಯುತ್ತೆ. ರಜ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿಯೋದು ಇದರ ಗುರುತು. ಸೋಮಾರಿತನ ಅಲ್ಲ ಅಮ್ಮ.” ಯಾರೋ ಹೇಳಿರಬೇಕು ಅವರಿಗೆ. ಮಗ ಮಾತ್ರ ಕಿಟಕಿಯ ಕಡೆ ನೋಡುತ್ತ ಮೀಸೆಯಡಿ ನಗುತ್ತಿದ್ದ.

“ಒಂದು ಮಾತು ಡಾಕ್ಟ್ರೇ,” ಎಂದಳು ದಬ್ಬಳದಮ್ಮ. ಕೇಳಲೋ ಬೇಡವೋ ಎಂದು ಸೆರಗಿನ ತುದಿ ಸುತ್ತಿದಳು. “ಇದು… ನಾವು ಹೊಲಿದ ಹಾಸಿಗೆ ಮೇಲೆ ಮಲಗಿದವರಿಗೆ ಅಂಟುತ್ತಾ?”

“ಛೆ, ಇಲ್ಲ. ಒಬ್ಬರಿಂದ ಒಬ್ಬರಿಗೆ ಬರೋ ಕಾಯಿಲೆಯೇ ಅಲ್ಲ ಇದು. ಹಿಂಜುವಾಗ ಏಳೋ ಧೂಳಿನಿಂದ ಕೆಲಸ ಮಾಡೋರಿಗೆ ಬರುತ್ತೆ.”

“ಮೊದಲೇ ಗೊತ್ತಾಗಿದ್ರೆ ವಾಸಿ ಮಾಡಬಹುದಿತ್ತಾ?”

“ಶುರುವಿನಲ್ಲೇ ಬಂದಿದ್ರೆ ಬಹುಮಟ್ಟಿಗೆ ಸರಿಹೋಗ್ತಿತ್ತು. ಈಗಲೂ ಧೂಳಿನಿಂದ ದೂರ ಇದ್ದು ಔಷಧಿ ತಗೊಂಡ್ರೆ ಹೆಚ್ಚಾಗದಂತೆ ತಡೀಬಹುದು. ಹಳೇ ಉಸಿರು ಪೂರ್ತಿ ವಾಪಸ್ ಬರುತ್ತೆ ಅಂತ ಮಾತ್ರ ಹೇಳೋಕೆ ಆಗಲ್ಲ.”

ಡಾಕ್ಟರಮ್ಮ ಮುಂದಿನ ಮಂಚಕ್ಕೆ ಹೋದರು. ದಬ್ಬಳದಮ್ಮ ಕಾರಿಡಾರಿಗೆ ಬಂದು ಗೋಡೆಗೆ ಮುಖಮಾಡಿ ನಿಂತಳು. ಮಗನಿಗಾಗಿ ಅತ್ತಳು. ಹನ್ನೊಂದು ವರ್ಷದ ಹಿಂದೆ ಹೋದವನಿಗಾಗಿ ಅದಕ್ಕಿಂತ ಹೆಚ್ಚಾಗಿ ಅತ್ತಳು.

ಆರನೆಯ ದಿನ ಮಗನನ್ನು ಮನೆಗೆ ಕಳಿಸಿದರು. ದಿನಕ್ಕೆರಡು ಬಾರಿ ಬಾಯಿಗೆ ಎಳೆದುಕೊಳ್ಳುವ ಔಷಧಿಯ ಪಂಪು ಕೊಟ್ಟಿದ್ದರು. ಅದು ತಿಂಗಳಿಗೆ ಒಂದು ಬೇಕು. ಮುಗಿದ ಮೇಲೆ ಕೇಂದ್ರಕ್ಕೆ ಹೋದರೆ, ಆಸ್ಪತ್ರೆಯ ಖರ್ಚು ಮಾತ್ರ ವಿಮೆಗೆ ಸೇರುತ್ತದೆ, ಈ ಕಾಯಿಲೆಯ ತಿಂಗಳ ಔಷಧಿ ಸೇರುವುದಿಲ್ಲ ಎಂದರು.

ಚೀಲದಕ್ಕ ಮನೆಗೆ ಬಂದಾಗ ದಬ್ಬಳದಮ್ಮ ಇದನ್ನೇ ಕೇಳಿದಳು. ಈ ಬಾರಿ ಮಣೆಯನ್ನು ತಾನೇ ಹಾಕಿದ್ದಳು.

“ಯಾಕಮ್ಮ ಹಾಗೆ? ಕಲ್ಲು ಒಡೆಯೋರಿಗೂ ಎದೆ ಕಾಯಿಲೆ ಬರುತ್ತಂತೆ. ಅವರಿಗೆ ತಿಂಗಳ ಔಷಧಿ ಕೊಡ್ತಾರಂತೆ. ನಮ್ಮ ಎದೆ ಎದೆಯಲ್ವಾ?”

“ಕಸುಬಿನಿಂದ ಬರೋ ಕಾಯಿಲೆಗಳದ್ದು ಒಂದು ಪಟ್ಟಿ ಇದೆ ಅಮ್ಮ. ಕಲ್ಲಿನ ಧೂಳು ಅದರಲ್ಲಿದೆ. ಹತ್ತಿ ಧೂಳು ಇಲ್ಲ.”

“ಆ ಪಟ್ಟಿ ಬರೆದೋರು ಯಾರು? ಹತ್ತಿ ಹಾಸಿಗೆ ಮೇಲೆ ಮಲಗಿಯೇ ಬರೆದಿರ್ತಾರೆ!”

ಚೀಲದಕ್ಕ ನಗಲಿಲ್ಲ. ಚೀಲದಿಂದ ಮಡಚಿದ ಒಂದು ಹಾಳೆ ತೆಗೆದು ನೆಲದ ಮೇಲೆ ಹಾಸಿದಳು. ಗೆರೆ ಎಳೆದ ಕೋಷ್ಟಕ. “ಇದು ನಾನು ಮಾಡಿಕೊಂಡು ಹೋದ ಸಮೀಕ್ಷೆ, ವಿಮೆ ಫಾರಂನಲ್ಲಿ ಬರೆಸಿದ್ದು ಇದಕ್ಕೆ ಸೇರಲ್ಲ. ಇಲ್ಲಿ ನಿಮ್ಮ ಬೀದಿ. ಇಲ್ಲಿ ಉಸಿರಾಟದ ತೊಂದರೆ ಇರೋರ ಸಂಖ್ಯೆ.” ಬೆರಳಿಟ್ಟು ತೋರಿಸಿದಳು.

ದಬ್ಬಳದಮ್ಮನಿಗೆ ಅಕ್ಷರ ಅಷ್ಟಾಗಿ ಬರುತ್ತಿರಲಿಲ್ಲ. ಅಂಕೆ ಬರುತ್ತಿತ್ತು. ಹಾಸಿಗೆಯ ಅಳತೆ ಬರೆದು ಬರೆದು ಅಭ್ಯಾಸ. ಅಲ್ಲಿದ್ದದ್ದು ಸೊನ್ನೆ.

“ಈ ವರ್ಷ ಪಟ್ಟಿ ಹೊಸದಾಗಿ ಮಾಡ್ತಾರೆ,” ಎಂದಳು ಚೀಲದಕ್ಕ. “ಯಾವ ಕಾಯಿಲೆ ಸೇರಿಸಬೇಕು, ಎಲ್ಲಿಗೆ ಎದೆ ಡಾಕ್ಟರನ್ನ ಕಳಿಸಬೇಕು, ಔಷಧಿ ಎಷ್ಟು ತರಿಸಬೇಕು, ಎಲ್ಲಾ ಇಂಥ ಹಾಳೆ ನೋಡ್ಕೊಂಡೇ ನಿರ್ಧಾರ ಮಾಡೋದು. ಕಲ್ಲು ಒಡೆಯೋರು ತಮ್ಮ ಕಾಯಿಲೆ ಹೇಳಿದ್ರು, ಬರೆಸಿದ್ರು, ಸಭೆಗೆ ಹೋಗಿ ಮಾತಾಡಿದ್ರು. ಅವರದ್ದು ಸೇರ್ತು. ಮೇಲೆ ಕೂತವರಿಗೆ ನಿಮ್ಮ ಮಗನ ಕೆಮ್ಮು ಕೇಳಿಸಲ್ಲ ಅಮ್ಮ. ಈ ಅಂಕೆ ಮಾತ್ರ ಕಾಣಿಸುತ್ತೆ.”

ದಬ್ಬಳದಮ್ಮ ಆ ಸೊನ್ನೆಯ ಮೇಲೆ ತಾನೂ ಬೆರಳಿಟ್ಟಳು. ತನ್ನ ಮಗ ಅದರೊಳಗಿದ್ದ. ದಿಂಬಿನಣ್ಣ ಇದ್ದ. ಬೀದಿಯ ತುದಿಯಲ್ಲಿ ಬರೀ ಇಪ್ಪತ್ತೈದು ವಯಸ್ಸಿಗೇ ಮೆಟ್ಟಿಲು ಹತ್ತಲಾಗದ ಹುಡುಗಿಯೊಬ್ಬಳಿದ್ದಳು, ಅವಳೂ ಇದ್ದಳು.

“ಇದನ್ನ ತಿದ್ದಬಹುದಾ?”

“ಇನ್ನೂ ಹದಿನೈದು ದಿನ ಇದೆ. ಜನ ಬಾಯಿ ಬಿಟ್ರೆ ತಿದ್ದಬಹುದು.”

“ನಡಿ,” ಎಂದಳು ದಬ್ಬಳದಮ್ಮ, ಮಂಡಿಗೆ ಕೈಯೂರಿ ಏಳುತ್ತ. “ಮೊದಲು ಎದುರು ಮನೆಗೆ.”

ದಿಂಬಿನಣ್ಣ ಬಾಗಿಲಲ್ಲೇ ಅಡ್ಡ ನಿಂತ. “ಅತ್ತಿಗೆ, ನಿಮಗೆ ತಲೆ ಕೆಟ್ಟಿದೆಯಾ? ಹಿಂದೆ ಆಗಿದ್ದು ಮರೆತುಹೋಯ್ತಾ? ಆಗ ಇಡೀ ಬೀದಿಗೆ ಬಾಯಿ ಮುಚ್ಕೊಳ್ಳಿ ಅಂತ ಹೇಳಿದ್ದೇ ನೀವು.”

“ಹೌದು, ನಾನೇ. ಅದಕ್ಕೇ ಬಿಚ್ಚಿ ಅಂತ ಹೇಳೋಕೂ ನಾನೇ ಬಂದಿದ್ದೀನಿ.” ಅವಳು ಅವನ ಜಗಲಿಯ ಮೇಲೆ ಕೂತಳು. ಅಕ್ಕಪಕ್ಕದ ಹೆಂಗಸರು ಬಾಗಿಲಿಗೆ ಬಂದಿದ್ದರು. ಅವರಿಗೂ ಕೇಳಿಸಲೆಂದು ದನಿ ಎತ್ತಿದಳು.

“ನಿನ್ನ ಗೆಳೆಯ ಹೇಗೆ ಹೋದ ಅಂತ ನಿನಗೂ ಗೊತ್ತಿಲ್ಲ. ಯಾರಿಗೂ ನಾನು ಹೇಳಿಲ್ಲ. ಗಿರಾಕಿ ಬಂದ್ರೆ ನಮ್ಮನೆಯವರನ್ನ ಹಿಂದಿನ ಕೋಣೆಗೆ ಕಳಿಸ್ತಿದ್ದೆ. ಕೆಮ್ಮು ಬಂದ್ರೆ ಬಾಯಿಗೆ ಹತ್ತಿ ಒತ್ಕೊಳ್ಳಿ ಅಂತಿದ್ದೆ. ಎದೆಗೆ ಹತ್ತಿ ಹೋಗಿ ಸಾಯ್ತಿರೋ ಮನುಷ್ಯನ ಬಾಯಿಗೆ ಹತ್ತಿ ಕೊಟ್ಟೆ ನಾನು. ಕಡೆಯ ದಿನ ಇಬ್ಬರು ಗಿರಾಕಿ ಬಂದಿದ್ರು. ಅವರನ್ನ ಕಳಿಸಿ ಒಳಗೆ ಹೋದಾಗ ನಮ್ಮನೆಯವರ ಉಸಿರು ನಿಂತಿತ್ತು. ಒಂದು ಸದ್ದೂ ಮಾಡಿರಲಿಲ್ಲ. ನನ್ನ ಮಾತು ಅಷ್ಟು ನಡೆಸಿಕೊಟ್ಟಿದ್ರು.”

ಬೀದಿಯಲ್ಲಿ ಎಲ್ಲೋ ಒಂದು ಮೆಷಿನ್ ಗಿರ್ರೆನ್ನುತ್ತಿತ್ತು. ಅದನ್ನು ಯಾರೋ ನಿಲ್ಲಿಸಿದರು.

“ಡಾಕ್ಟ್ರು ಹೇಳಿದ್ರು, ಅಂಟೋ ಕಾಯಿಲೆಯೇ ಅಲ್ಲವಂತೆ ಇದು. ಇಷ್ಟು ವರ್ಷ ಸುಮ್ಸುಮ್ನೆ ಮುಚ್ಚಿಟ್ವಿ. ಯಾರಿಂದ ಮುಚ್ಚಿಟ್ವಿ? ಔಷಧಿ ಕೊಡೋರಿಂದ!”

ದಿಂಬಿನಣ್ಣ ಬಾಗಿಲು ಬಿಟ್ಟು ಬಂದು ಜಗಲಿಯ ಮೇಲೆ ಕೂತ. ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡ. ಆಮೇಲೆ ಚೀಲದಕ್ಕನ ಕಡೆ ತಿರುಗಿ, “ಒಂಬತ್ತು ವರ್ಷ. ಬರ್ಕೊಳ್ಳಮ್ಮ. ಹೆಂಡತಿಗೂ ಇದೆ, ಮೂರು ವರ್ಷದಿಂದ,” ಎಂದ.

ಮೂವತ್ತೆರಡು ಮನೆ ಮುಗಿಯಲು ನಾಲ್ಕು ದಿನ ಬೇಕಾಯಿತು. ಎರಡು ಮನೆಯವರು ಬಾಗಿಲನ್ನೇ ತೆಗೆಯಲಿಲ್ಲ. ಒಬ್ಬ ಅಂಗಡಿಯವನು, “ನನ್ನ ವ್ಯಾಪಾರ ಹಾಳುಮಾಡೋಕೆ ಬಂದಿದ್ದೀಯ,” ಎಂದು ದಬ್ಬಳದಮ್ಮನ ಮೇಲೆ ರೇಗಿ ಕೂಗಾಡಿದ. ಅವಳು ಮಾಮೂಲಿನಂತೆ ಚುಚ್ಚಿ ಮಾತಾಡಲಿಲ್ಲ. “ನಾಲ್ಕೈದು ತಿಂಗಳ ಹಿಂದೆ ನಾನೂ ಹೀಗೇ ಕೂಗಾಡ್ದೆ ಕಣಪ್ಪ. ಆಮೇಲೆ ಬರ್ತೀನಿ,” ಎಂದು ಮುಂದಿನ ಮನೆಗೆ ಹೋದಳು. ಕೊನೆಗೆ ಲೆಕ್ಕ ಸಿಕ್ಕಿತು. ಉಸಿರಾಟದ ತೊಂದರೆ ಇದ್ದವರು ನಲವತ್ತೊಂದು ಜನ.

ಪಟ್ಟಿಯ ಬಗ್ಗೆ ಜನರ ಅಭಿಪ್ರಾಯ ಕೇಳಲು ಊರಿನ ಸಭಾಂಗಣದಲ್ಲಿ ಸಭೆ ಕರೆದಿದ್ದರು. ಇಂಥ ಸಭೆಗೆ ಬರುವವರು ಕಡಿಮೆ. ಬಂದವರೂ ಹಿಂದಿನ ಸಾಲಿನಲ್ಲಿ ಕೂತು ಹೋಗುತ್ತಾರೆ. ಆ ದಿನ ಹಾಸಿಗೆ ಬೀದಿಯವರು ಮುಂದಿನ ಎರಡು ಸಾಲು ತುಂಬಿದ್ದರು.

ಮೈಕು ಕೈಗೆ ಬಂದಾಗ ದಬ್ಬಳದಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಪಕ್ಕದಲ್ಲಿದ್ದ ಸೊಸೆ ಮೆಲ್ಲಗೆ ಅಂದಳು, “ಗಿರಾಕಿಗೆ ಹೇಳೋ ಹಾಗೆ ಹೇಳಿ ಅತ್ತೆ.”

“ಸ್ವಾಮಿ,” ಎಂದು ಶುರುಮಾಡಿದಳು. “ನಾವು ಇನ್ನೊಬ್ಬರ ನಿದ್ದೆಗೆ ಹಾಸಿಗೆ ಮಾಡೋರು. ನಮಗೆ ಮಲಗಿದ್ರೆ ಉಸಿರು ಬರಲ್ಲ. ಕೂತೇ ನಿದ್ದೆ ಮಾಡ್ತೀವಿ. ಇಲ್ಲಿ ನಲವತ್ತೊಂದು ಜನರ ಹೆಸರಿದೆ. ಹೋದ ಸಲ ನೀವು ಕೇಳಿದಾಗ ಯಾರೂ ಇಲ್ಲ ಅಂದಿದ್ವಿ. ಅದು ನಮ್ಮ ತಪ್ಪು, ಒಪ್ಕೋತೀನಿ. ಈಗ ಹೇಳ್ತಿದ್ದೀವಿ. ಇನ್ನು ಕೇಳಿಸ್ಕೊಳ್ಳದೇ ಇದ್ರೆ ಅದು ನಿಮ್ಮ ತಪ್ಪು.”

ವೇದಿಕೆಯ ಮೇಲಿದ್ದ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. “ಒಂದೇ ಬೀದಿಯ ಲೆಕ್ಕದಿಂದ ಪಟ್ಟಿ ಬದಲಾಗಲ್ಲಮ್ಮ. ಹತ್ತಿ ಕೆಲಸ ಬೇರೆ ಊರುಗಳಲ್ಲೂ ಇದೆ. ಅಲ್ಲೆಲ್ಲ ಪರೀಕ್ಷೆ ಮಾಡಿಸಬೇಕು, ಸಮಯ ಹಿಡಿಯುತ್ತೆ,” ಎಂದರು. ದಬ್ಬಳದಮ್ಮನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಅವರೇ ಮುಂದುವರಿಸಿದರು, “ಆದರೆ ಈ ಹಾಳೆ ಕೈಯಲ್ಲಿಲ್ಲದೆ ನಾನು ಪರೀಕ್ಷೆ ಮಾಡಿಸಿ ಅಂತ ಬರೆಯೋಕೇ ಆಗ್ತಿರಲಿಲ್ಲ. ಈಗ ಬರೀತೀನಿ.”

ಬರೆದರು. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳೂ ಇಲ್ಲ. “ಹೇಳಿದ್ದೆಲ್ಲ ನೀರಲ್ಲಿ ಹೋಮ,” ಎಂದ ದಿಂಬಿನಣ್ಣ. ಮೂರನೆಯ ತಿಂಗಳು ಊದುವ ಪರೀಕ್ಷೆಯ ಯಂತ್ರ ಹೊತ್ತ ಒಂದು ವಾಹನ ಬೀದಿಗೆ ಬಂತು. ಆಮೇಲೆ ಇನ್ನೂ ನಾಲ್ಕು ಊರುಗಳಿಗೆ ಹೋಯಿತು. ಎದೆ ಡಾಕ್ಟರು ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರಕ್ಕೆ ಬರತೊಡಗಿದರು. ಧೂಳನ್ನು ಹೊರಗೆಳೆದು ಚೀಲಕ್ಕೆ ತುಂಬುವ ಫ್ಯಾನನ್ನು ಹಿಂಜುವ ಕೋಣೆಗೆ ಹಾಕಿಕೊಳ್ಳಲು ನೆರವು ಸಿಕ್ಕಿತು. ವರ್ಷ ತುಂಬುವ ಹೊತ್ತಿಗೆ ಹೊಸ ಪಟ್ಟಿ ಹೊರಬಂತು. ಹತ್ತಿ ಧೂಳಿನ ಕಾಯಿಲೆ ಅದರಲ್ಲಿತ್ತು. ಅಂದಿನಿಂದ ತಿಂಗಳ ಔಷಧಿ ಕಾರ್ಡಿನ ಮೇಲೇ ಸಿಗತೊಡಗಿತು.

ವ್ಯಾಪಾರ? ಒಂದಷ್ಟು ದಿನ ಕೆಲವರು ಬರಲಿಲ್ಲ, ನಿಜ. ಚೀಲದಕ್ಕ ಡಾಕ್ಟರಮ್ಮನನ್ನು ಕರೆದುಕೊಂಡು ಬಂದು, ಗಿರಾಕಿಗಳ ಎದುರಿಗೇ ಇದು ಅಂಟುವ ಕಾಯಿಲೆಯಲ್ಲ ಎಂದು ಹೇಳಿಸಿದಳು. ಡಾಕ್ಟರಮ್ಮ ಹೋಗುವಾಗ ತಮಗೂ ಒಂದು ಹಾಸಿಗೆ ಬೇಕೆಂದು ಅಳತೆ ಕೊಟ್ಟರು. ಆ ಸುದ್ದಿ ಬಾಯಿಂದ ಬಾಯಿಗೆ ಹರಡಿತು.

ಮಗ ಮತ್ತೆ ಹಿಂಜುವ ಕೋಣೆಗೆ ಹೋಗಲಿಲ್ಲ. ಹೊಲಿಗೆ ಕಲಿತ. ಶುರುವಿನಲ್ಲಿ ಅವನು ಹಾಕಿದ ಹೊಲಿಗೆ ನೋಡಿ ದಬ್ಬಳದಮ್ಮ, “ಇದು ಹೊಲಿಗೆಯೋ, ಇರುವೆ ಸಾಲು ದಾರಿ ತಪ್ಪಿದ್ದೋ?” ಎಂದು ಕೇಳುತ್ತಿದ್ದಳು. ಈಗ ಪರವಾಗಿಲ್ಲ. ಮೆಟ್ಟಿಲು ಹತ್ತಿದರೆ ಇಂದಿಗೂ ಅವನಿಗೆ ಏದುಸಿರು ಬರುತ್ತದೆ, ನಡುವೆ ನಿಂತು ಹತ್ತಬೇಕು. ಆದರೆ ಮಲಗಿ ನಿದ್ದೆ ಮಾಡುತ್ತಾನೆ. ಮಗಳನ್ನು ಕೈಹಿಡಿದು ಶಾಲೆಗೆ ಬಿಟ್ಟುಬರುತ್ತಾನೆ. ದಾರಿಯಲ್ಲಿ ಅವಳು ಕೇಳುವ ನೂರು ಪ್ರಶ್ನೆಗಳಿಗೆ ಉತ್ತರ ಕೊಡುವಷ್ಟು ಉಸಿರು ಅವನಿಗಿದೆ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಸುಬು ಬೇರೆ ಇರಬಹುದು. ನಿಮ್ಮ ಮೈಗೆ ತಗಲುವುದು ಹತ್ತಿಯಲ್ಲದೆ ಬಣ್ಣವೋ ಹೊಗೆಯೋ ಸಿಮೆಂಟೋ ಇರಬಹುದು. ಆದರೆ “ನಮ್ಮ ಮನೆಯಲ್ಲಿ ಏನೂ ಇಲ್ಲ” ಎಂಬ ಮಾತನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಹೇಳಿದ್ದೇವೆ. ಇನ್ನು ಹೇಳುವುದು ಬೇಡ. ಎರಡು ವಾರ ಮೀರಿದ ಕೆಮ್ಮನ್ನು ಬಚ್ಚಿಡಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ವಿಮೆಯ ಫಾರಂ ತುಂಬುವಾಗ ಮನೆಯವರೆಲ್ಲರ ಹೆಸರು ಸರಿಯಾಗಿ ಇದೆಯೇ ನೋಡಿ, ಇರುವ ಕಾಯಿಲೆಯನ್ನು ಇದ್ದಂತೆ ಬರೆಸಿ. ಎಲ್ಲ ವಿಮೆಯ ನಿಯಮವೂ ಒಂದೇ ಅಲ್ಲ. ನಿಮ್ಮದರಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂದು ಸಹಿ ಹಾಕುವ ಮೊದಲೇ ಬಾಯಿಬಿಟ್ಟು ಕೇಳಿ. ಸೇರಿಲ್ಲದ್ದು ಸೇರಬೇಕೆಂದಾದರೆ ಸಭೆಗೆ ಹೋಗಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಎದುರು ಮನೆಯವರನ್ನೂ ಕರೆದುಕೊಂಡು ಹೋಗಿ, ಜಗಳವಾಡಿದವರಾದರೂ ಸರಿ.

ನಿಮ್ಮ ಬಾಗಿಲಿಗೂ ಒಂದು ದಿನ ಒಬ್ಬಳು ಬಂದು ಕೇಳುತ್ತಾಳೆ, “ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ?” ಅದು ಲೋಕಾಭಿರಾಮದ ಮಾತಲ್ಲ. ಅವಳನ್ನು ಒಳಗೆ ಕರೆಯಿರಿ, ಕೂರಿಸಿ, ನಿಜ ಹೇಳಿ.